ಊರು ಹೇಳದ ಜಗಜಟ್ಟಿ ರಿಕಿದೋಜಾನ್

1954ರ ಫೆಬ್ರುವರಿ 19ರ ಸಂಜೆ. ಟೋಕಿಯೋದ ಶಿಂಬಾಶಿ ರೈಲು ನಿಲ್ದಾಣದ ಮುಂದಿನ ಬಯಲಿನಲ್ಲಿ ಸಾವಿರಾರು ಜನ ಕತ್ತು ಚಾಚಿ ನಿಂತಿದ್ದರು. ಎಲ್ಲರ ಕಣ್ಣೂ ಎತ್ತರದಲ್ಲಿ ಇರಿಸಿದ್ದ ಒಂದು ಸಣ್ಣ ಟೀವಿ ಪೆಟ್ಟಿಗೆಯ ಮೇಲೆ. ಪರದೆಯಲ್ಲಿ ಕಾಣುತ್ತಿದ್ದುದು ಕುಸ್ತಿ. ಒಂದು ಕಡೆ ಆರೂವರೆ ಅಡಿಗಳಷ್ಟು ಎತ್ತರದ ಇಬ್ಬರು ಬಿಳಿಯ ಮಲ್ಲರು. ಇನ್ನೊಂದು ಕಡೆ ಅವರಿಗಿಂತ ಕುಳ್ಳಗಿನ ಇಬ್ಬರು ಜಪಾನಿಗಳು. ಅವರಲ್ಲಿ ಕಪ್ಪು ಬಿಗಿಚಲ್ಲಣ ತೊಟ್ಟವನೊಬ್ಬ ಅಂಗೈಯ ಅಂಚನ್ನೇ ಕತ್ತಿಯಂತೆ ಬೀಸಿ ಎದುರಾಳಿಯ ಎದೆಗೆ ಹೊಡೆದಾಗಲೆಲ್ಲ ಬಯಲಿಗೆ ಬಯಲೇ ಕೂಗಿಕೊಳ್ಳುತ್ತಿತ್ತು. ಯುದ್ಧದಲ್ಲಿ ಸೋತು ಒಂಬತ್ತು ವರ್ಷವೂ ಆಗಿರದ ಜನ ಅವರು. ಅಮೆರಿಕದ ಆಳ್ವಿಕೆ ಮುಗಿದು ಎರಡು ವರ್ಷವೂ ತುಂಬಿರಲಿಲ್ಲ.

ಕಪ್ಪು ಚಲ್ಲಣದ ಆ ಮಲ್ಲನ ಹೆಸರು ರಿಕಿದೋಜಾನ್. ಜಪಾನಿನಲ್ಲಿ ವೃತ್ತಿಪರ ಕುಸ್ತಿಯ ಜನಕ ಎಂದೇ ಇಂದಿಗೂ ಆತನನ್ನು ಕರೆಯುತ್ತಾರೆ. ಚಕ್ರವರ್ತಿಯನ್ನು ಬಿಟ್ಟರೆ ಜಪಾನಿನಲ್ಲಿ ಅತ್ಯಂತ ಹೆಸರಾದ ವ್ಯಕ್ತಿ ಆತನೇ ಎಂಬ ಮಾತು ಆ ಕಾಲದಲ್ಲಿ ಚಾಲ್ತಿಯಲ್ಲಿತ್ತು. ಸೋತ ದೇಶಕ್ಕೆ ಸ್ವಾಭಿಮಾನ ಮರಳಿಸಿದ ಈ ‘ಅಪ್ಪಟ ಜಪಾನಿ’ ವೀರ ಮಾತ್ರ ಜಪಾನಿಯೇ ಆಗಿರಲಿಲ್ಲ! ಬಯಲಿನಲ್ಲಿ ಕೂಗುತ್ತಿದ್ದ ಜನಕ್ಕೆ ಅದು ಗೊತ್ತಿರಲಿಲ್ಲ.

ಕೊರಿಯಾದ ಹುಡುಗ

ರಿಕಿದೋಜಾನ್‌ನ ನಿಜ ನಾಮಧೇಯ ಕಿಮ್ ಸಿನ್ ರಾಕ್. ಹುಟ್ಟಿದ್ದು ಈಗ ಉತ್ತರ ಕೊರಿಯಾಕ್ಕೆ ಸೇರಿದ ದಕ್ಷಿಣ ಹಮ್‌ಗ್ಯೋಂಗ್ ಪ್ರಾಂತದಲ್ಲಿ. ದಾಖಲೆಗಳ ಪ್ರಕಾರ ಹುಟ್ಟಿದ ದಿನ 1924ರ ನವೆಂಬರ್ 14. ಆಗ ಕೊರಿಯಾ ಸ್ವತಂತ್ರ ದೇಶವಾಗಿರಲಿಲ್ಲ. 1910ರಲ್ಲಿ ಅದನ್ನು ನುಂಗಿದ್ದ ಜಪಾನ್ 1945ರವರೆಗೂ ಬಿಟ್ಟುಕೊಡಲಿಲ್ಲ. 1940ರಲ್ಲಂತೂ ಕೊರಿಯನ್ನರು ತಮ್ಮ ಮನೆತನದ ಹೆಸರುಗಳನ್ನೇ ಬಿಟ್ಟು ಜಪಾನಿ ಹೆಸರು ಇಟ್ಟುಕೊಳ್ಳಬೇಕೆಂಬ ಒತ್ತಾಯ ಆರಂಭವಾಯಿತು.

ಅದೇ 1940ರಲ್ಲಿ ಈ ಹುಡುಗ ಟೋಕಿಯೋಗೆ ಬಂದು ನಿಶೋನೊಸೆಕಿ ಎಂಬ ಸುಮೋ ಬಳಗ ಸೇರಿದ. ಬಳಗ ಎಂದರೆ ನಮ್ಮ ಗರಡಿಮನೆ ಇದ್ದ ಹಾಗೆ. ಗುರುವಿನ ಮನೆಯಲ್ಲೇ ವಾಸ, ಊಟ, ತಾಲೀಮು. ಕಿರಿಯರು ಹಿರಿಯರ ಸೇವೆ ಮಾಡಬೇಕು, ತಪ್ಪಿದರೆ ಏಟು. ಅಲ್ಲಿ ಆತನಿಗೆ ಸಿಕ್ಕ ಕಣದ ಹೆಸರೇ ರಿಕಿದೋಜಾನ್. ‘ರಿಕಿ’ ಎಂದರೆ ಬಲ, ‘ದೋ’ ಎಂದರೆ ದಾರಿ, ‘ಜಾನ್’ ಎಂದರೆ ಬೆಟ್ಟ.

ಸುಮೋದಲ್ಲಿ ಯೊಕೊಜುನ ಎಂಬುದು ಅತ್ಯುನ್ನತ ಪದವಿ. ಅದರ ಕೆಳಗೆ ಓಜೆಕಿ, ಅದರ ಕೆಳಗೆ ಸೆಕಿವಾಕೆ. ರಿಕಿದೋಜಾನ್ ಒಂಬತ್ತೇ ವರ್ಷಗಳಲ್ಲಿ ಸೆಕಿವಾಕೆ ಮಟ್ಟಕ್ಕೇರಿದ. ಆದರೆ 1950ರ ಸೆಪ್ಟೆಂಬರಿನಲ್ಲಿ ಒಂದು ದಿನ ತನ್ನ ಜುಟ್ಟನ್ನು ತಾನೇ ಕತ್ತರಿಸಿಕೊಂಡು ಸುಮೋಗೆ ಬೆನ್ನು ತಿರುಗಿಸಿದ. ಸುಮೋ ಮಲ್ಲನಿಗೆ ಜುಟ್ಟು ಬರೀ ಕೂದಲಲ್ಲ. ನಿವೃತ್ತಿಯ ದಿನ ಗುರುಹಿರಿಯರು ಸಮಾರಂಭದಲ್ಲಿ ಕತ್ತರಿಸುವ ಗೌರವ ಅದು. ಅದನ್ನು ತಾನೇ ಕತ್ತರಿಸಿಕೊಳ್ಳುವುದೆಂದರೆ ಜನಿವಾರ ಹರಿದೆಸೆದಂತೆ.

ಹೀಗೇಕೆ ಮಾಡಿದ? ಶ್ವಾಸಕೋಶದ ಕಾಯಿಲೆ, ಬಳಗದ ಗುರುವಿನೊಂದಿಗೆ ಹಣದ ಜಗಳ ಎಂದು ಕಾರಣ ಹೇಳುವವರಿದ್ದಾರೆ. ಕೊರಿಯಾದವನಾದ ತನಗೆ ಇನ್ನು ಮೇಲಿನ ಪದವಿ ಸಿಗದು ಎಂಬ ಸಂಶಯವೂ ಇತ್ತು ಎನ್ನುವವರಿದ್ದಾರೆ. ಮುಂದೆ ಆತ ಮಾಡಿದ್ದನ್ನು ನೋಡಿದರೆ ಈ ಕೊನೆಯ ಕಾರಣವನ್ನು ತಳ್ಳಿಹಾಕಲಾಗದು. ಜಪಾನಿನ ಮೊಮೊಟ ಮನೆತನದ ಹೆಸರಿನಲ್ಲಿ ಕುಟುಂಬ ದಾಖಲೆ ಮಾಡಿಸಿಕೊಂಡು ಆತ ಮಿತ್ಸುಹಿರೊ ಮೊಮೊಟ ಆದ. ಹುಟ್ಟೂರು ನಾಗಸಾಕಿ ಪ್ರಾಂತದ ಓಮುರ ಎಂದಾಯಿತು. ಸಾಯುವವರೆಗೂ ಜಪಾನಿನ ಜನರೆದುರು ಆತ ಹೇಳಿದ್ದು ಅದನ್ನೇ.

ಹೊಸ ಅಖಾಡ

ಸುಮೋ ಬಿಟ್ಟ ಮೇಲೆ ಆತ ತನ್ನ ಪೋಷಕನೊಬ್ಬನ ಕಟ್ಟಡ ಕಂಪನಿಯಲ್ಲಿ ಕೆಲಸಕ್ಕೆ ನಿಂತ. 1951ರಲ್ಲಿ ಅಮೆರಿಕದ ವೃತ್ತಿ ಕುಸ್ತಿಪಟುಗಳ ತಂಡವೊಂದು ಸಹಾಯಾರ್ಥ ಪ್ರದರ್ಶನಕ್ಕಾಗಿ ಟೋಕಿಯೋಗೆ ಬಂತು. ಮುಂದೆ 1964ರ ‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ಟೋಪಿ ಎಸೆದು ಕೊಲ್ಲುವ ಖಳನಾಗಿ ಹೆಸರಾದ ಹೆರಾಲ್ಡ್ ಸಕಾಟ ಕೂಡ ಆ ತಂಡದಲ್ಲಿದ್ದ. ಅವರ ಬಳಿ ಪಟ್ಟುಗಳನ್ನು ಕಲಿತ ರಿಕಿದೋಜಾನ್, ಅಕ್ಟೋಬರ್ 28ರಂದು ತಂಡದ ಬಾಬಿ ಬ್ರನ್ಸ್ ಎದುರು ಹತ್ತು ನಿಮಿಷ ಸೆಣಸಿ ಸಮ ಮಾಡಿಕೊಂಡ. ಮರುವರ್ಷ ಹವಾಯಿಗೆ ಹೋಗಿ, ಅಲ್ಲಿಂದ ಅಮೆರಿಕಕ್ಕೂ ಹೋಗಿ ಸುಮಾರು ಒಂದು ವರ್ಷ ಪಳಗಿದ. 1953ರಲ್ಲಿ ಮರಳಿ ಬಂದು ಜಪಾನ್ ವೃತ್ತಿ ಕುಸ್ತಿ ಸಂಘವನ್ನು ಕಟ್ಟಿದ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಈ ವೃತ್ತಿ ಕುಸ್ತಿ ನಮ್ಮ ಮಟ್ಟಿ ಕುಸ್ತಿಯಂತಲ್ಲ. ಗೆಲ್ಲುವವರು ಯಾರು, ಸೋಲುವವರು ಯಾರು ಎಂಬುದನ್ನು ಕಣಕ್ಕಿಳಿಯುವ ಮೊದಲೇ ಮಾತಾಡಿಕೊಂಡಿರುತ್ತಾರೆ. ಹಾಗೆಂದು ಬೀಳುವುದು, ಏಟು ತಿನ್ನುವುದು ಸುಳ್ಳಲ್ಲ. ಮೂಳೆ ಮುರಿಯುವುದೂ ಉಂಟು. ಯಕ್ಷಗಾನದಲ್ಲಿ ಮಹಿಷಾಸುರ ಸಾಯುತ್ತಾನೆಂಬುದು ಎಲ್ಲರಿಗೂ ಗೊತ್ತು, ಆದರೂ ಬೆಳಗಿನವರೆಗೆ ಕೂತು ನೋಡುತ್ತೇವಲ್ಲವೆ? ಆದರೆ 1954ರ ಜಪಾನಿನಲ್ಲಿ ಬಹುಮಂದಿ ಇದನ್ನು ನಿಜವಾದ ಸೆಣಸಾಟವೆಂದೇ ನಂಬಿದ್ದರು.

ರಿಕಿದೋಜಾನ್ ಕಂಡುಕೊಂಡ ಸೂತ್ರ ಸರಳವಾಗಿತ್ತು. ದೈತ್ಯ ವಿದೇಶಿ ಮಲ್ಲ ನಿಯಮ ಮುರಿದು ಮೋಸ ಮಾಡುತ್ತಾನೆ. ಜಪಾನಿ ಜೊತೆಗಾರ ಏಟು ತಿಂದು ನಲುಗುತ್ತಾನೆ. ರಿಕಿದೋಜಾನ್ ತಾಳುತ್ತಾನೆ, ಇನ್ನೂ ತಾಳುತ್ತಾನೆ. ಕೊನೆಗೆ ತಾಳ್ಮೆ ಕಟ್ಟೊಡೆದು ಅಂಗೈಯ ‘ಕರಾಟೆ ಏಟು’ಗಳಿಂದ ದೈತ್ಯನನ್ನು ಹೊಡೆದುರುಳಿಸುತ್ತಾನೆ. ಯುದ್ಧದಲ್ಲಿ ಸೋತು, ಆಕ್ರಮಣ ಸೇನೆಯ ಮುಂದೆ ತಲೆ ತಗ್ಗಿಸಿ ಬದುಕಿದ್ದ ಜನರಿಗೆ ಇದಕ್ಕಿಂತ ಸಿಹಿಯಾದ ಕತೆ ಬೇರೆ ಬೇಕಿರಲಿಲ್ಲ. ಶಿಂಬಾಶಿಯ ಪರದೆಯಲ್ಲಿ ಕಂಡ ಆ ಬಿಳಿಯರು ಬೆನ್ ಮತ್ತು ಮೈಕ್ ಶಾರ್ಪ್ ಸಹೋದರರು, ವಿಶ್ವ ಜೋಡಿ ಚಾಂಪಿಯನ್ನರು. ಅವರು ಅಮೆರಿಕದವರೂ ಅಲ್ಲ, ಕೆನಡಾದವರು! ನೋಡುವ ಜನ ಮಾತ್ರ ಅಮೆರಿಕನ್ನರೆಂದೇ ತಿಳಿದರು.

ಟೀವಿ ತಂದ ಭಾಗ್ಯ

ಈ ಕತೆಯನ್ನು ದೇಶಕ್ಕೆಲ್ಲ ಹಂಚಿದ್ದು ಟೀವಿ. ಸರ್ಕಾರಿ ಸ್ವರೂಪದ ಎನ್‌ಎಚ್‌ಕೆ ಸಂಸ್ಥೆ 1953ರ ಫೆಬ್ರುವರಿಯಲ್ಲಿ ಪ್ರಸಾರ ಶುರು ಮಾಡಿದಾಗ ಶುಲ್ಕ ಕಟ್ಟುತ್ತಿದ್ದ ಮನೆಗಳು ಬರೀ 866. ಅದೇ ಆಗಸ್ಟಿನಲ್ಲಿ ಆರಂಭವಾದ ಖಾಸಗಿ ನಿಪ್ಪಾನ್ ಟೆಲಿವಿಷನ್ ಜಾಹೀರಾತಿನಿಂದಲೇ ಬದುಕಬೇಕಿತ್ತು. ಟೀವಿಯೇ ಇಲ್ಲದ ಊರಲ್ಲಿ ಜಾಹೀರಾತು ನೋಡುವವರು ಯಾರು? ಅದರ ಮುಖ್ಯಸ್ಥ ಮತ್ಸುತಾರೊ ಶೋರಿಕಿ ಒಂದು ಉಪಾಯ ಹೂಡಿದ. ನಿಲ್ದಾಣ, ಉದ್ಯಾನ, ವೃತ್ತಗಳಲ್ಲಿ ಟೀವಿಗಳನ್ನು ನಿಲ್ಲಿಸಿ ಪುಕ್ಕಟೆ ತೋರಿಸಿದ. ಮಬ್ಬು ಪರದೆಯಲ್ಲೂ ದೂರದಿಂದ ಅರ್ಥವಾಗುವ ಆಟ ಬೇಕಿತ್ತು. ಚೌಕಾಕಾರದ ಕಣ, ನಾಲ್ಕೇ ಜನ, ಒಳ್ಳೆಯವನು ಯಾರು ಕೆಟ್ಟವನು ಯಾರು ಎಂಬುದು ನೋಡಿದೊಡನೆ ತಿಳಿಯುವ ಕುಸ್ತಿ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಟೀವಿ ರಿಕಿದೋಜಾನ್‌ನನ್ನು ಬೆಳೆಸಿತು. ರಿಕಿದೋಜಾನ್ ಟೀವಿಯನ್ನು ಬೆಳೆಸಿದ.

1957ರ ಅಕ್ಟೋಬರಿನಲ್ಲಿ ವಿಶ್ವ ಚಾಂಪಿಯನ್ ಲೂ ಥೆಸ್ ಟೋಕಿಯೋಗೆ ಬಂದು ರಿಕಿದೋಜಾನ್ ಜೊತೆ 60 ನಿಮಿಷಗಳ ಪಂದ್ಯ ಸಮ ಮಾಡಿಕೊಂಡ. ಅಂದು ಟೀವಿ ಇದ್ದ ನೂರು ಮನೆಗಳಲ್ಲಿ 87 ಇದನ್ನೇ ನೋಡಿದವೆಂದು ಸಮೀಕ್ಷೆ ಹೇಳಿತು. 1963ರ ಮೇ 24ರಂದು ಮುಖವಾಡದ ಅಮೆರಿಕನ್ ಮಲ್ಲ ‘ಡೆಸ್ಟ್ರಾಯರ್’ ಜೊತೆಗಿನ ಪಂದ್ಯವನ್ನು ನೋಡಿದ್ದು ನೂರಕ್ಕೆ 64 ಮನೆಗಳು. ಜಪಾನಿನಲ್ಲಿ ಅತಿ ಹೆಚ್ಚು ಮನೆಗಳು ನೋಡಿದ ಕಾರ್ಯಕ್ರಮಗಳ ಪಟ್ಟಿಯ ಮೇಲ್ತುದಿಯಲ್ಲಿ ಅದಕ್ಕೆ ಇಂದಿಗೂ ಜಾಗವಿದೆ. 1962ರಲ್ಲಿ ಫ್ರೆಡ್ ಬ್ಲಾಸಿ ಎಂಬಾತ ಎದುರಾಳಿಯ ಹಣೆ ಕಚ್ಚಿ ರಕ್ತ ಹರಿಸಿದ್ದನ್ನು ಟೀವಿಯಲ್ಲಿ ಕಂಡು ವಯಸ್ಸಾದ ಕೆಲವರು ಆಘಾತದಿಂದ ಸತ್ತರೆಂದು ಪತ್ರಿಕೆಗಳು ವರದಿ ಮಾಡಿದ್ದವು.

ನಮ್ಮ ಹಿರಿಯ ಓದುಗರಿಗೆ ದಾರಾ ಸಿಂಗ್ ಜೊತೆ ಸೆಣಸಿದ ದಢೂತಿ ಕಿಂಗ್ ಕಾಂಗ್ ನೆನಪಿರಬಹುದು. ಆತನ ನಿಜ ಹೆಸರು ಎಮಿಲ್ ಝಾಯಾ. ಇದೇ ಕಿಂಗ್ ಕಾಂಗ್‌ನನ್ನು 1955ರ ನವೆಂಬರಿನಲ್ಲಿ ಸೋಲಿಸಿ ರಿಕಿದೋಜಾನ್ ಏಷ್ಯಾ ಚಾಂಪಿಯನ್ ಎನಿಸಿಕೊಂಡ.

ಮಾತು ತಪ್ಪಿದ ಪಂದ್ಯ

ಕೀರ್ತಿಯ ಈ ದಾರಿಯಲ್ಲಿ ಒಂದು ಕಪ್ಪು ಚುಕ್ಕೆಯೂ ಇದೆ. ಶಾರ್ಪ್ ಸಹೋದರರ ಎದುರು ರಿಕಿದೋಜಾನ್‌ಗೆ ಜೊತೆಯಾಗಿದ್ದವನು ಮಸಾಹಿಕೊ ಕಿಮುರ. ಜೂಡೋದಲ್ಲಿ ಆತನಿಗೆ ಸಮಾನರಿಲ್ಲ ಎಂಬ ಖ್ಯಾತಿ. 1951ರಲ್ಲಿ ಬ್ರೆಜಿಲ್‌ಗೆ ಹೋಗಿ ಅಲ್ಲಿನ ಹೆಸರಾಂತ ಹೆಲಿಯೊ ಗ್ರೇಸಿಯನ್ನು ಮಣಿಸಿ ಬಂದವನು. ಅಂಥವನ ಪಾಲಿಗೆ ಟೀವಿ ಕುಸ್ತಿಯಲ್ಲಿ ಬಂದದ್ದು ಏಟು ತಿಂದು ಬೀಳುವ ಪಾತ್ರ. ರೋಸಿಹೋದ ಕಿಮುರ, ರಿಕಿದೋಜಾನ್‌ನದು ಬರೀ ಪ್ರದರ್ಶನ, ನಿಜ ಸೆಣಸಾಟವಾದರೆ ತಾನು ಸೋಲುವುದಿಲ್ಲ ಎಂದು ಪತ್ರಿಕೆಗೆ ಹೇಳಿಬಿಟ್ಟ.

1954ರ ಡಿಸೆಂಬರ್ 22ರಂದು ಇಬ್ಬರೂ ಎದುರಾದರು. ಮೊದಲ ಪಂದ್ಯ ಸಮ, ಆಮೇಲೆ ಒಬ್ಬರಾದ ಮೇಲೆ ಒಬ್ಬರು ಗೆಲ್ಲುವುದು ಎಂಬ ಒಪ್ಪಂದವಿತ್ತು ಎಂಬುದು ಕಿಮುರನ ಹೇಳಿಕೆ. ನಡುವೆ ಇದ್ದಕ್ಕಿದ್ದಂತೆ ರಿಕಿದೋಜಾನ್ ನಿಜವಾಗಿಯೇ ಹೊಡೆಯತೊಡಗಿದ. ಕಿಮುರ ರಕ್ತದ ಮಡುವಿನಲ್ಲಿ ಬಿದ್ದ. ಹದಿನಾರು ನಿಮಿಷದೊಳಗೆ ಪಂದ್ಯ ಮುಗಿಯಿತು. ಕಿಮುರನೇ ಮೊದಲು ತೊಡೆಸಂದಿಗೆ ಒದ್ದ ಎಂದು ರಿಕಿದೋಜಾನ್ ಸಮರ್ಥಿಸಿಕೊಂಡ. ಗೆದ್ದವನು ದೇಶದ ಚಾಂಪಿಯನ್ ಆದ. ಕಿಮುರ 1993ರಲ್ಲಿ ಸಾಯುವವರೆಗೂ ಈ ಸೋಲನ್ನು ಮರೆಯಲಿಲ್ಲ. ಜಪಾನಿನಲ್ಲಿ ಈ ಪಂದ್ಯದ ಬಗ್ಗೆ ವಾದ ಇನ್ನೂ ನಿಂತಿಲ್ಲ.

ಗುಟ್ಟಿನ ಭಾರ

ರಿಕಿದೋಜಾನ್ ಶ್ರೀಮಂತನಾದ. ಟೋಕಿಯೋದ ಶಿಬುಯದಲ್ಲಿ ಕುಸ್ತಿಗೆಂದೇ ಭವನ ಕಟ್ಟಿಸಿದ, ಅಕಾಸಾಕದಲ್ಲಿ ವಸತಿ ಕಟ್ಟಡ ಎಬ್ಬಿಸಿದ. ಆದರೆ ಕುಡಿತ, ಮುಂಗೋಪ, ಶಿಷ್ಯರ ಮೇಲೆ ಕೈಮಾಡುವುದು ಕೂಡ ಬೆಳೆದವು. ಯಾಕುಜಾ ಎಂದು ಕರೆಯುವ ಅಲ್ಲಿನ ಭೂಗತ ಬಳಗಗಳ ನಂಟೂ ಇತ್ತು. ಮನರಂಜನೆಯ ವ್ಯವಹಾರ ಆ ಕಾಲದಲ್ಲಿ ಅವರನ್ನು ಬಿಟ್ಟು ನಡೆಯುತ್ತಿರಲಿಲ್ಲ.

ಅಂದಿನ ಜಪಾನಿನಲ್ಲಿ ಕೊರಿಯನ್ನರಿಗೆ ಕೆಲಸ ಸಿಗುವುದು ಕಷ್ಟ, ಬಾಡಿಗೆ ಮನೆ ಸಿಗುವುದು ಕಷ್ಟ, ಹೆಣ್ಣು ಸಿಗುವುದು ಇನ್ನೂ ಕಷ್ಟ. ತಮ್ಮ ವೀರ ಆ ಜನದವನೆಂದು ತಿಳಿದಿದ್ದರೆ ಶಿಂಬಾಶಿಯ ಬಯಲು ಅಷ್ಟೇ ಜೋರಾಗಿ ಕೂಗುತ್ತಿತ್ತೇ? ರಿಕಿದೋಜಾನ್ ಅದನ್ನು ಪರೀಕ್ಷಿಸಲು ಹೋಗಲಿಲ್ಲ. ಕೊರಿಯಾದಿಂದ ಕಳ್ಳದಾರಿಯಲ್ಲಿ ಬಂದ ಕಿಮ್ ಇಲ್ ಎಂಬ ತರುಣನನ್ನು ಶಿಷ್ಯನಾಗಿ ಸೇರಿಸಿಕೊಂಡ. ಅವನಿಗೂ ಕಿಂಟಾರೊ ಓಕಿ ಎಂಬ ಜಪಾನಿ ಹೆಸರೇ ಗತಿಯಾಯಿತು. 1963ರ ಜನವರಿಯಲ್ಲಿ ರಿಕಿದೋಜಾನ್ ದಕ್ಷಿಣ ಕೊರಿಯಾಕ್ಕೆ ಭೇಟಿ ಕೊಟ್ಟ. ಆಗಿನ್ನೂ ಎರಡೂ ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವಿರಲಿಲ್ಲ. ಅದು ಕುದುರಿದ್ದು 1965ರಲ್ಲಿ. ಹುಟ್ಟೂರು ಮಾತ್ರ ಗಡಿಯಾಚೆ ಉತ್ತರದಲ್ಲಿ ಉಳಿದಿತ್ತು.

ಅದೇ ವರ್ಷ ಜೂನ್‌ನಲ್ಲಿ ಅದ್ದೂರಿ ಮದುವೆ. ಆರೇ ತಿಂಗಳಲ್ಲಿ, ಡಿಸೆಂಬರ್ 8ರ ರಾತ್ರಿ, ಅಕಾಸಾಕದ ‘ನ್ಯೂ ಲ್ಯಾಟಿನ್ ಕ್ವಾರ್ಟರ್’ ನೈಟ್‌ಕ್ಲಬ್ಬಿನಲ್ಲಿ ಯಾಕುಜಾ ಸದಸ್ಯನೊಬ್ಬನೊಡನೆ ಜಗಳವಾಯಿತು. ಕಾಲು ತುಳಿದ ವಿಚಾರಕ್ಕೆ ಶುರುವಾದ ಜಗಳವೆನ್ನುತ್ತಾರೆ. ಆತ ರಿಕಿದೋಜಾನ್‌ನ ಹೊಟ್ಟೆಗೆ ಚಾಕು ಹಾಕಿದ. ಗಾಯ ದೊಡ್ಡದಲ್ಲವೆಂದೇ ಮೊದಲು ತೋರಿತು. ಶಸ್ತ್ರಕ್ರಿಯೆಯೂ ಆಯಿತು. ಆದರೆ ಒಳಗೆ ಕೀವಾಗಿ, ಎರಡನೇ ಶಸ್ತ್ರಕ್ರಿಯೆಯಾದ ಡಿಸೆಂಬರ್ 15ರಂದೇ ಪ್ರಾಣ ಹೋಯಿತು. ದಾಖಲೆಯ ಪ್ರಕಾರ ವಯಸ್ಸು 39.

ಶಿಷ್ಯರು ಕಂಡ ಊರು

ಆತ ತಯಾರು ಮಾಡಿದ ಶಿಷ್ಯರಲ್ಲಿ ಇಬ್ಬರು ಮುಂದೆ ಜಪಾನಿನ ಕುಸ್ತಿಯನ್ನು ಆಳಿದರು. ಒಬ್ಬ ಮಾಜಿ ಬೇಸ್‌ಬಾಲ್ ಆಟಗಾರ ಜೈಂಟ್ ಬಾಬಾ. ಇನ್ನೊಬ್ಬ ಬ್ರೆಜಿಲ್‌ನ ಕಾಫಿ ತೋಟದಿಂದ ಕರೆತಂದ ಹುಡುಗ ಅಂಟೋನಿಯೊ ಇನೊಕಿ. ಇಬ್ಬರೂ ಕಣಕ್ಕಿಳಿದದ್ದು 1960ರ ಸೆಪ್ಟೆಂಬರ್ 30ರ ಒಂದೇ ದಿನ. 1972ರಲ್ಲಿ ಇಬ್ಬರೂ ಬೇರೆ ಬೇರೆ ಸಂಸ್ಥೆ ಕಟ್ಟಿದರು. 1976ರಲ್ಲಿ ಮುಹಮ್ಮದ್ ಅಲಿಯನ್ನು ಟೋಕಿಯೋದಲ್ಲಿ ಎದುರಿಸಿದ ಇನೊಕಿ, 1989ರಲ್ಲಿ ಜಪಾನಿನ ಸಂಸತ್ತನ್ನೂ ಪ್ರವೇಶಿಸಿದ.

ರಿಕಿದೋಜಾನ್‌ನ ಮೂಲ ಜಪಾನಿನ ಸಾಮಾನ್ಯ ಜನರಿಗೆ ಗೊತ್ತಾಗಿದ್ದು ಆತ ಸತ್ತು ಹಲವು ವರ್ಷ ಕಳೆದ ಮೇಲೆ. ಆಗ ಯಾರೂ ಆತನ ಪ್ರತಿಮೆ ಕೆಡವಲಿಲ್ಲ. 1995ರ ಏಪ್ರಿಲ್‌ನಲ್ಲಿ ಇನೊಕಿ ಉತ್ತರ ಕೊರಿಯಾದ ರಾಜಧಾನಿ ಪ್ಯೋಂಗ್‌ಯಾಂಗ್‌ನಲ್ಲಿ ಎರಡು ದಿನಗಳ ಕುಸ್ತಿ ಏರ್ಪಡಿಸಿ, ಅಮೆರಿಕದ ರಿಕ್ ಫ್ಲೇರ್ ಎದುರು ಭಾರೀ ಜನಸ್ತೋಮದ ಮುಂದೆ ಸೆಣಸಿದ. ಅದು ಗುರುವಿನ ನಾಡಿಗೆ ಸಲ್ಲಿಸಿದ ಕಾಣಿಕೆ ಎಂದೇ ಆತ ಭಾವಿಸಿದ್ದ. 2022ರ ಅಕ್ಟೋಬರ್ 1ರಂದು ಇನೊಕಿಯೂ ತೀರಿಕೊಂಡ. 2004ರಲ್ಲಿ ದಕ್ಷಿಣ ಕೊರಿಯಾದವರು ರಿಕಿದೋಜಾನ್ ಬದುಕನ್ನು ಚಲನಚಿತ್ರವಾಗಿಸಿದರು.

ಇಂದು ಆತನನ್ನು ಜಪಾನ್ ತನ್ನವನೆನ್ನುತ್ತದೆ, ಎರಡೂ ಕೊರಿಯಾಗಳು ತಮ್ಮವನೆನ್ನುತ್ತವೆ. ಬದುಕಿದ್ದಾಗ ಒಂದೇ ಒಂದು ಊರಿನ ಹೆಸರನ್ನು ಬಾಯಿಬಿಟ್ಟು ಹೇಳಲಾಗದಿದ್ದವನಿಗೆ ಸತ್ತ ಮೇಲೆ ಮೂರು ದೇಶ! ಟೋಕಿಯೋದ ಇಕೆಗಾಮಿ ಹೊನ್‌ಮೊಂಜಿ ದೇಗುಲದ ಆವರಣದಲ್ಲಿ ಆತನ ಸಮಾಧಿಯಿದೆ, ಪಕ್ಕದಲ್ಲೇ ಪ್ರತಿಮೆಯಿದೆ. ಕುಸ್ತಿ ಅಭಿಮಾನಿಗಳು ಈಗಲೂ ಅಲ್ಲಿಗೆ ಹೋಗಿ ಕೈಮುಗಿದು ಬರುತ್ತಾರೆ.