ಪಾಳು ನಿವೇಶನದಲ್ಲಿ ತೋಟ

ಊರಿನ ಹಿತ್ತಿಲು ಬಿಟ್ಟು ಪಟ್ಟಣಕ್ಕೆ ಬಂದವರಿಗೆ ಒಂದು ಬೊಗಸೆ ಮಣ್ಣೂ ದುರ್ಲಭ. ಖೋಲಿಯ ಕಿಟಕಿಯಲ್ಲಿ ಡಬ್ಬದ ತುಳಸಿಯೇ ನಮ್ಮ ತೋಟ. ಆದರೆ ಅದೇ ಪಟ್ಟಣದಲ್ಲಿ ಯಾರಿಗೂ ಬೇಡವಾಗಿ, ಕಸ ತುಂಬಿ ಬಿದ್ದಿರುವ ನಿವೇಶನಗಳೂ ಉಂಟು. ಅಲ್ಲಿ ನಾಲ್ಕು ಮಡಿ ಸೊಪ್ಪು ಬೆಳೆಯಬಾರದೇಕೆ? ಈ ಪ್ರಶ್ನೆಯನ್ನು ಕೈಕೆಲಸಕ್ಕೆ ಇಳಿಸಿದ ಜನರ ಅನುಭವವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಮೆರಿಕದ ನ್ಯೂಯಾರ್ಕ್ ನಗರಕ್ಕೆ 1970ರ ದಶಕದಲ್ಲಿ ಹಣದ ಮುಗ್ಗಟ್ಟು ಬಂದಿತು. ಬಡವರ ಬಡಾವಣೆಗಳಲ್ಲಿ ಅನೇಕ ಮಾಲಿಕರು ತೆರಿಗೆ ಕಟ್ಟದೆ ಮನೆಗಳನ್ನು ಕೈಬಿಟ್ಟರು. ಎಷ್ಟೋ ಕಟ್ಟಡಗಳು ಸುಟ್ಟುಹೋದವು, ಎಷ್ಟೋ ಕೆಡವಲ್ಪಟ್ಟವು. ತೆರಿಗೆಯ ಬಾಕಿಗಾಗಿ ಆ ಜಾಗಗಳು ನಗರಾಡಳಿತದ ಕೈಸೇರಿ, ಕಸದ ಗುಂಡಿಗಳಾದವು.

1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆಯು ಕೆಲವು ನೆರೆಹೊರೆಯವರೊಡನೆ ಬೌವರಿ ಮತ್ತು ಹೌಸ್ಟನ್ ಬೀದಿಗಳು ಕೂಡುವ ಮೂಲೆಯ ಅಂಥ ಒಂದು ಜಾಗಕ್ಕೆ ಕೈಹಾಕಿದಳು. ಇವರು ತಮ್ಮನ್ನು 'ಹಸಿರು ಗೆರಿಲ್ಲಾಗಳು' ಎಂದು ಕರೆದುಕೊಂಡರು. ಕಸ ಹೊತ್ತುಹಾಕಿ, ಬೇಲಿ ಕಟ್ಟಿ, ದಾನವಾಗಿ ಬಂದ ಮಣ್ಣು ಹರಡಿ 60 ಏರುಮಡಿಗಳನ್ನು ಮಾಡಿದರು. ಏರುಮಡಿಗೆ ಕಾರಣವುಂಟು: ಹಳೆಯ ಕಟ್ಟಡ ಬಿದ್ದ ಜಾಗದ ಮಣ್ಣಿನಲ್ಲಿ ಬಣ್ಣದಿಂದ ಉದುರಿದ ಸೀಸವಿರುತ್ತದೆ. ಅದು ವಿಷ, ಮುಖ್ಯವಾಗಿ ಮಕ್ಕಳಿಗೆ.

ಇಷ್ಟಕ್ಕೇ ಅವರು ನಿಲ್ಲಲಿಲ್ಲ. ನಗರದ ಕಚೇರಿಗೆ ಹೋಗಿ ಜಾಗವನ್ನು ಬಾಡಿಗೆಗೆ ಕೇಳಿದರು. 1974ರಲ್ಲಿ ತಿಂಗಳಿಗೆ ಒಂದು ಡಾಲರಿನಂತೆ ಅದು ಮಂಜೂರಾಯಿತು. ಬಾಡಿಗೆ ಹೆಸರಿಗಷ್ಟೇ, ಬೆಲೆಯಿದ್ದುದು ಕಾಗದಕ್ಕೆ. ಕ್ರಿಸ್ಟಿ 1985ರಲ್ಲಿ ತೀರಿಕೊಂಡಳು; ಆಕೆಯ ಹೆಸರಿನ ತೋಟ ಇಂದಿಗೂ ಇದೆ.

ಅದೇ ಭಾಗದಲ್ಲಿ ಆಡಮ್ ಪರ್ಪಲ್ ಎಂದು ಹೆಸರಾದ ಒಬ್ಬಾತನು 1975ರಿಂದ ಬಹುಮಟ್ಟಿಗೆ ಒಂಟಿಯಾಗಿಯೇ ದುಡಿದು ವೃತ್ತಾಕಾರದ ಸುಂದರ ತೋಟವೊಂದನ್ನು ಬೆಳೆಸಿದನು. ಜಾಗ ನಗರದ್ದು, ಒಪ್ಪಿಗೆಯ ಪತ್ರವಿರಲಿಲ್ಲ. 1986ರ ಜನವರಿಯಲ್ಲಿ, ಬಡವರಿಗೆ ಮನೆ ಕಟ್ಟಬೇಕೆಂದು ಅದನ್ನು ನೆಲಸಮ ಮಾಡಿದರು. ಮನೆಯೂ ಬೇಕು, ತೋಟವೂ ಬೇಕು. ಆದ್ದರಿಂದಲೇ ಇಂಥ ವ್ಯಾಜ್ಯ ಸುಲಭವಾಗಿ ಬಗೆಹರಿಯುವುದಿಲ್ಲ.

ಕಾಗದವೊಂದೇ ಸಾಕೆಂದೂ ಹೇಳುವಂತಿಲ್ಲ. 1978ರಿಂದ ನಗರವೇ ಒಂದು ಯೋಜನೆ ಮಾಡಿ ಪಾಳು ಜಾಗಗಳನ್ನು ತೋಟಕ್ಕೆ ಕೊಡತೊಡಗಿತು. ಪೋರ್ಟೊರಿಕೋ ದ್ವೀಪದಿಂದ ಕೂಲಿಗೆ ಬಂದ ಕುಟುಂಬಗಳು ಅಲ್ಲಿ ತಮ್ಮ ಊರಿನ ರೀತಿಯ ಪುಟ್ಟ ಮರದ ಮನೆ ಕಟ್ಟಿ, ಮೆಣಸಿನಕಾಯಿ ಬೆಳೆದು, ಸಂಜೆ ಕೂಡಿ ಹಾಡುತ್ತಿದ್ದರು. ಪರಸ್ಥಳದಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಒಪ್ಪಂದಗಳು ತಾತ್ಕಾಲಿಕವಾಗಿದ್ದವು. ಭೂಮಿಯ ಬೆಲೆ ಏರಿದಾಗ, 1999ರಲ್ಲಿ ನಗರವು ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಟ್ಟಿತು. ಜನರು ಬೀದಿಗಿಳಿದರು. ಕೊನೆಗೆ ಎರಡು ಧರ್ಮಸಂಸ್ಥೆಗಳು ಅವನ್ನು ಕೊಂಡು ಉಳಿಸಿದವು. ನೆರೆಯವರೆಲ್ಲ ತಮ್ಮದೆಂದು ಎದ್ದು ನಿಂತುದೇ ಅಂದು ಕೈಹಿಡಿಯಿತು.

ನಮ್ಮಲ್ಲಿಯೂ ಇದಕ್ಕೆ ಹೋಲುವ ಏರ್ಪಾಡು ಇಲ್ಲದಿಲ್ಲ. 'ಹೆಚ್ಚು ಆಹಾರ ಬೆಳೆಯಿರಿ' ಯೋಜನೆಯಲ್ಲಿ ರೈಲ್ವೆಯವರು ಹಳಿಯ ಬದಿಯ ಖಾಲಿ ನೆಲವನ್ನು ತಮ್ಮ ಕೆಳದರ್ಜೆಯ ನೌಕರರಿಗೆ ಪರವಾನಗಿಯ ಮೇಲೆ ಕೊಟ್ಟಿದ್ದರು. ಮುಂಬಯಿಯ ಲೋಕಲ್ ಗಾಡಿಯಿಂದ ಆ ಪಾಲಕ್, ಬೆಂಡೆಯ ಸಾಲುಗಳನ್ನು ಕಂಡವರು ನಮ್ಮಲ್ಲಿ ಅನೇಕರು.

ಆದುದರಿಂದ ಇಂಥ ಕೆಲಸಕ್ಕೆ ಮನಸ್ಸು ಮಾಡುವವರು ನಾಲ್ಕು ಮಾತು ನೆನಪಿಡಬೇಕು. ಮೊದಲು, ಜಾಗ ಯಾರದೆಂದು ವಿಚಾರಿಸಿ. ಎರಡನೆಯದು, ಒಂದು ವರ್ಷದ ಮಟ್ಟಿಗಾದರೂ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಗಿಡ ನೆಟ್ಟ ಮಾತ್ರಕ್ಕೆ ನೆಲ ನಮ್ಮದಾಗುವುದಿಲ್ಲ. ಮೂರನೆಯದು, ಅರ್ಜಿಯ ಮೇಲೆ ಒಬ್ಬನ ಹೆಸರಿನ ಬದಲು ಹತ್ತು ಮನೆಯವರ ಹೆಸರಿರಲಿ. ನಮ್ಮಂಥವರಿಗೆ ವರ್ಗವಾಗುತ್ತದೆ, ಗಿರಣಿ ಬದಲಾಗುತ್ತದೆ, ತೋಟ ಮಾತ್ರ ಅಲ್ಲಿಯೇ ಇರುತ್ತದೆ. ನಾಲ್ಕನೆಯದು, ಹೊಸ ಮಣ್ಣು ತಂದು ಏರುಮಡಿ ಮಾಡಿ. ಗಟಾರದ ನೀರನ್ನು ಸೊಪ್ಪಿಗೆ ಎಂದೂ ಹಾಯಿಸಬೇಡಿ.

ಅರ್ಜಿ ಬರೆಯಬಲ್ಲ ಗುಮಾಸ್ತರೂ ಗುದ್ದಲಿ ಹಿಡಿಯಬಲ್ಲ ಕಾರ್ಮಿಕರೂ ನಮ್ಮ ವಾಚನಾಲಯದ ಒಂದೇ ಬೆಂಚಿನ ಮೇಲೆ ಕೂಡುತ್ತಾರೆ. ತೋಟಕ್ಕೆ ಇಬ್ಬರೂ ಬೇಕು.