ಶಾಲೆಯ ಸುದ್ದಿ ಮನೆಗೆ ಮುಟ್ಟುವುದು ಹೇಗೆ?

ಕೊಳ್ಳೇಗಾಲದಿಂದ ಹನೂರಿನ ಕಡೆಗೆ ಹೋಗುವ ರಸ್ತೆಯ ಮೇಲಿರುವ ಕಾಮಗೆರೆ ಹಾಗೂ ಅದರ ಸುತ್ತಿನ ಗ್ರಾಮಗಳಲ್ಲಿ ರೇಷ್ಮೆ ಬೆಳೆಗಾರರನ್ನು ಮಾತನಾಡಿಸಿದರೆ, ರಾಮನಗರದ ಮಾರುಕಟ್ಟೆಯಲ್ಲಿ ಹಿಂದಿನ ದಿನ ಗೂಡಿನ ಧಾರಣೆ ಎಷ್ಟಿತ್ತೆಂಬುದನ್ನು ತಡವರಿಸದೆ ಹೇಳುತ್ತಾರೆ. ಅದೇ ರೈತರನ್ನು, ನಾಲ್ಕನೇ ತರಗತಿಯಲ್ಲಿ ಓದುತ್ತಿರುವ ಅವರ ಮಗಳು ಕಳೆದ ತಿಂಗಳು ಎಷ್ಟು ದಿನ ಶಾಲೆ ತಪ್ಪಿಸಿದಳೆಂದು ಕೇಳಿದರೆ ಉತ್ತರ ಬರುವುದು ಕಷ್ಟ. ಇದಕ್ಕೆ ಅವರ ಅಸಡ್ಡೆಯೇ ಕಾರಣವೆಂದು ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಗೂಡಿನ ಧಾರಣೆ ದಿನವೂ ಹತ್ತು ಬಾಯಿಂದ ಕಿವಿಗೆ ಬೀಳುತ್ತದೆ. ಶಾಲೆಯ ಸುದ್ದಿಯಾದರೋ ತಿಂಗಳಿಗೊಮ್ಮೆ ಒಂದು ಚೀಟಿಯಾಗಿ ಮಗುವಿನ ಚೀಲದೊಳಗೆ ಸೇರಿ, ಬುತ್ತಿ ಡಬ್ಬಿಯ ಕೆಳಗೆ ಮುದುಡಿ ಹೋಗಿರುತ್ತದೆ.

ಬೇಸಾಯ ವಿಸ್ತರಣೆಯ ಪತ್ರಿಕೆಯಲ್ಲಿ ಶಾಲೆಯ ಮಾತೇಕೆ ಎಂದು ಕೆಲವು ವಾಚಕರಿಗೆ ಅನಿಸಬಹುದು. ಸುಧಾರಿತ ತಳಿಯ ವಿಷಯವನ್ನು ರೈತನ ಹೊಲಕ್ಕೆ ಮುಟ್ಟಿಸುವ ಕೆಲಸದಲ್ಲಿ ತೊಡಗಿರುವ ನಮಗೂ, ಮಗುವಿನ ವಿಷಯವನ್ನು ಮನೆಗೆ ಮುಟ್ಟಿಸಬೇಕಾದ ಮೇಷ್ಟರಿಗೂ ಎದುರಾಗುವ ತೊಡಕುಗಳು ಬಹುಮಟ್ಟಿಗೆ ಒಂದೇ. ನಷ್ಟದ ಲೆಕ್ಕವೂ ಚಿಕ್ಕದಲ್ಲ. ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕೆಂಬುದು ಕಾಯಿದೆಯ ನಿಯಮ. ವಾರಕ್ಕೆ ಒಂದೇ ಒಂದು ದಿನ ಮಗು ತಪ್ಪಿಸಿಕೊಂಡರೂ ವರ್ಷಕ್ಕೆ 30ಕ್ಕೂ ಹೆಚ್ಚು ದಿನ ಹೋಗುತ್ತವೆ. ಐದು ವರ್ಷ ಹೀಗೆಯೇ ನಡೆದರೆ ಮುಕ್ಕಾಲು ವರ್ಷದ ಪಾಠ ಇಲ್ಲವಾಗುತ್ತದೆ. ಒಂದೊಂದು ದಿನವಾಗಿ ಹೋಗುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ. ಇಳಿಜಾರು ಹೊಲದ ಮೇಲ್ಮಣ್ಣು ಕೊಚ್ಚಿಹೋಗುವುದೂ ಹೀಗೆಯೇ ಅಲ್ಲವೇ?

ಕಾಯಿದೆಯಲ್ಲಿ ಏನಿದೆ?

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆಯ 24ನೇ ಪ್ರಕರಣವನ್ನು ತಂದೆತಾಯಿಯರು ತಿಳಿದಿರುವುದು ಒಳ್ಳೆಯದು. ಮಗುವಿನ ಹಾಜರಿ, ಕಲಿಯುವ ಶಕ್ತಿ ಮತ್ತು ಕಲಿಕೆಯಲ್ಲಿ ಆಗಿರುವ ಪ್ರಗತಿಯನ್ನು ಪೋಷಕರ ಸಭೆಗಳನ್ನು ಕ್ರಮವಾಗಿ ಕರೆದು ತಿಳಿಸುವುದು ಉಪಾಧ್ಯಾಯರ ಕರ್ತವ್ಯವೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂದರೆ ಮಗುವಿನ ವಿಚಾರ ಕೇಳಲು ಹೋದವರು ಯಾರ ದಾಕ್ಷಿಣ್ಯಕ್ಕೂ ಒಳಗಾಗಬೇಕಿಲ್ಲ. 21ನೇ ಪ್ರಕರಣವು ಶಾಲಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಅದಕ್ಕೂ ಮೊದಲೇ, 2001ರಲ್ಲಿ ಹುಟ್ಟಿದವು. ಸಮಿತಿಯ ಹೆಸರು ಉದ್ದವಾಯಿತೆಂದೋ ಏನೋ, ಊರುಗಳಲ್ಲಿ ಎಸ್.ಡಿ.ಎಂ.ಸಿ. ಎಂದೇ ಬಳಕೆಯಲ್ಲಿದೆ.

ಪೋಷಕರ ಅಭಿಪ್ರಾಯ ಕೇಳದೆ ಶಾಲೆಯ ವ್ಯವಸ್ಥೆ ಬದಲಿಸಿದರೆ ಏನಾಗುತ್ತದೆಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಜಾಜಿಯವರು 1953ರಲ್ಲಿ ಗ್ರಾಮಾಂತರ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆಯೊಂದನ್ನು ತಂದರು. ಮಕ್ಕಳಿಗೆ ದಿನಕ್ಕೆ 3 ಗಂಟೆ ಪಾಠ. ಉಳಿದ ಹೊತ್ತು ಮನೆಯ ಕಸುಬನ್ನು ಕಲಿಯುವುದು. ಕಟ್ಟಡವೂ ಉಪಾಧ್ಯಾಯರೂ ಕಡಿಮೆಯಿದ್ದ ಆ ಕಾಲದಲ್ಲಿ ಹೆಚ್ಚು ಮಕ್ಕಳಿಗೆ ಜಾಗ ಮಾಡಿಕೊಡುವ ಉದ್ದೇಶವೂ ಅದರಲ್ಲಿತ್ತು. ಆದರೆ ಜಾತಿಯ ಕಸುಬಿಗೇ ಮಕ್ಕಳನ್ನು ಕಟ್ಟಿಹಾಕುವ ಯೋಜನೆಯಿದು ಎಂದು ಜನ ತಿರುಗಿಬಿದ್ದರು. 1954ರಲ್ಲಿ ರಾಜಾಜಿಯವರು ಅಧಿಕಾರ ಬಿಟ್ಟರು. ಅನಂತರ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು.

ಸಭೆಗೆ ಯಾವ ದಿನ?

ಇಷ್ಟೆಲ್ಲ ನಿಯಮಗಳಿದ್ದರೂ ಪೋಷಕರ ಸಭೆಗೆ ಜನ ಸೇರುವುದಿಲ್ಲವೆಂಬ ದೂರು ಬಹು ಕಡೆ ಕೇಳಿಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದರ ಮುಖ್ಯ ಕಾರಣ ದಿನದ ಆಯ್ಕೆ. ಸುತ್ತೋಲೆ ಬಂದ ದಿನ ಸಭೆ ಇಡಲಾಗುತ್ತದೆಯೇ ಹೊರತು ಬೆಳೆಯ ಹಂತ ನೋಡಿ ಅಲ್ಲ.

ರೇಷ್ಮೆಯನ್ನೇ ತೆಗೆದುಕೊಳ್ಳೋಣ. ಹುಳು ಒಡೆದಂದಿನಿಂದ ಹಣ್ಣಾಗುವವರೆಗೆ ಸುಮಾರು 24 ರಿಂದ 28 ದಿನ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಮೀರಿದ ಭಾಗವನ್ನು ಹುಳುಗಳು ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲೇ ತಿಂದು ಮುಗಿಸುತ್ತವೆ. ಆ ವಾರದಲ್ಲಿ ಮನೆಯ ಹೆಂಗಸರಿಗೆ ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು, ಕಸ ತೆಗೆಯುವುದು, ಇಷ್ಟರಲ್ಲಿ ಹಗಲು ರಾತ್ರಿಗಳ ವ್ಯತ್ಯಾಸವೇ ಇರುವುದಿಲ್ಲ. ಹುಳು ಹಣ್ಣಾದ ದಿನ ಚಂದ್ರಿಕೆಗೆ ಬಿಡಲು ಮನೆಯ ಮಕ್ಕಳನ್ನೂ ಶಾಲೆಯಿಂದ ನಿಲ್ಲಿಸಿಕೊಳ್ಳುವುದುಂಟು. ಅಂಥ ದಿನ ಬೆಳಿಗ್ಗೆ 11 ಗಂಟೆಗೆ ತಾಯಂದಿರ ಸಭೆ ಕರೆದರೆ ಬರುವವರು ಯಾರು? ನಮ್ಮ ತರಬೇತಿ ಶಿಬಿರಗಳಲ್ಲೂ ಇದೇ ಅನುಭವ. ಬೆಳೆಯ ಕೊನೆಯ ವಾರ ಕರೆದರೆ ಗಂಡಸರಲ್ಲಿ ನಾಲ್ಕು ಜನ ಬಂದು, ಊಟವಾದ ಕೂಡಲೇ ಹೊರಡುತ್ತಾರೆ.

ಇಂದು ಬಹಳ ರೈತರು ಚಾಕಿ ಸಾಕಾಣಿಕೆ ಕೇಂದ್ರದಿಂದ ಎರಡನೇ ಜ್ವರ ಕಳೆದ ಹುಳುಗಳನ್ನೇ ಕೊಳ್ಳುತ್ತಾರೆ. ಒಂದೇ ಊರಿನ ಹಲವು ಮನೆಗಳಿಗೆ ಒಂದೇ ದಿನ ಹುಳು ಬಂದಿಳಿಯುತ್ತದೆ. ಇದು ಶಾಲೆಯವರಿಗೂ ಅನುಕೂಲ. ಹುಳು ಮನೆಗೆ ಬಂದ ದಿನವನ್ನು ಗುರುತು ಹಾಕಿಕೊಂಡರೆ ಅಲ್ಲಿಂದ ಮೊದಲ ಆರೇಳು ದಿನ ಸಭೆಗೆ ಅಡ್ಡಿಯಿಲ್ಲ. 9ನೇ ದಿನದಿಂದ 18ನೇ ದಿನದವರೆಗೆ ಕರೆಯಬಾರದು. ಚಂದ್ರಿಕೆ ಏರಿದ ಮೇಲೆ ಗೂಡು ಬಿಡಿಸುವವರೆಗೆ ಮತ್ತೆ ಎರಡು ಮೂರು ದಿನ ಬಿಡುವು ಸಿಗುತ್ತದೆ. ಹವೆ ತಂಪಾಗಿದ್ದರೆ ಒಂದೆರಡು ದಿನ ಹಿಂದೆ ಮುಂದೆ ಆಗುವುದು ರೈತರಿಗೆ ತಿಳಿದೇ ಇದೆ.

ಮಳೆಯಾಶ್ರಯದ ಬೆಳೆಗಳ ಲೆಕ್ಕ ಬೇರೆ. ಈ ಭಾಗದಲ್ಲಿ ಮಳೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಜೋರಾಗುತ್ತದೆ. ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ರೈತರ ಕಣ್ಣು ಮೋಡದ ಮೇಲಿರುತ್ತದೆ. ನವೆಂಬರ್-ಡಿಸೆಂಬರ್‌ನಲ್ಲಿ ರಾಗಿ ಕುಯ್ಲು ಬರುತ್ತದೆ. ಆಗ ಸಭೆ ಇಡಲೇಬೇಕಿದ್ದರೆ ಸಂಜೆ ಏಳರ ಮೇಲೆ, ಶಾಲೆಯ ಬದಲು ಕೇರಿಯ ಜಗಲಿಯಲ್ಲಿ ಇಡುವುದು ಲೇಸು. ಮೇಷ್ಟರು ಪರಊರಿನಿಂದ ಬಸ್ಸಿನಲ್ಲಿ ಬಂದು ಹೋಗುವವರಾದರೆ ಇದು ಸುಲಭವಲ್ಲವೆಂಬುದನ್ನೂ ಒಪ್ಪಬೇಕು. ವರ್ಷಕ್ಕೆ ಎರಡು ಸಂಜೆಯಾದರೆ ಸಾಕು, ಅಂದು ಅವರ ಊಟಕ್ಕೂ ರಾತ್ರಿ ಮರಳುವ ವಾಹನಕ್ಕೂ ಸಮಿತಿಯವರೇ ಏರ್ಪಾಡು ಮಾಡಬಹುದು.

ಜಾತ್ರೆಗಳನ್ನೂ ಮರೆಯುವಂತಿಲ್ಲ. ಪುಷ್ಯ ಹುಣ್ಣಿಮೆಯಿಂದ 5 ದಿನ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆ ಇದೇ ರಸ್ತೆಯಲ್ಲಿ ಸಾಗುತ್ತದೆ. ಆ ದಿನಗಳಲ್ಲಿ ತರಗತಿ ಬರಿದಾಗುವುದು ಪ್ರತಿ ವರ್ಷದ ಸಂಗತಿ. ಹೀಗಿರುವಾಗ ಪರೀಕ್ಷೆಯನ್ನೋ ಆರೋಗ್ಯ ತಪಾಸಣೆಯನ್ನೋ ಅದೇ ವಾರ ಇಟ್ಟು ಮಕ್ಕಳು ಬರಲಿಲ್ಲವೆಂದು ಕೊರಗುವುದರಲ್ಲಿ ಅರ್ಥವಿಲ್ಲ. ಜೂನ್ ತಿಂಗಳ ಮೊದಲ ಸಭೆಯಲ್ಲೇ ಊರಿನ ಹಬ್ಬ, ಜಾತ್ರೆ, ಬಿತ್ತನೆ, ಕುಯ್ಲುಗಳನ್ನು ಶಾಲೆಯ ಕ್ಯಾಲೆಂಡರಿನ ಮೇಲೆ ಪೋಷಕರಿಂದಲೇ ಗುರುತು ಹಾಕಿಸಬೇಕು. ಕಂಸಾಳೆಯವರೂ ನೀಲಗಾರರೂ ಇರುವ ಊರಿನಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ಅವರನ್ನು ಕರೆದರೆ, ಕರಪತ್ರ ಹಂಚದೆಯೇ ಜನ ಬರುತ್ತಾರೆ.

ಸುದ್ದಿ ಯಾವ ದಾರಿಯಲ್ಲಿ ಹೋಗುತ್ತದೆ?

ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಮುಸುಕಿನ ಜೋಳ ಹೇಗೆ ಹರಡಿತೆಂಬುದನ್ನು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಸಮಾಜ ವಿಜ್ಞಾನಿಗಳು ಅಭ್ಯಸಿಸಿ 1943ರಲ್ಲಿ ಪ್ರಕಟಿಸಿದರು. ಹೊಸ ಬೀಜದ ವಿಷಯ ಹೆಚ್ಚಿನ ರೈತರಿಗೆ ಮೊದಲು ತಿಳಿದದ್ದು ಬೀಜ ಮಾರುವವರಿಂದ. ಆದರೆ ಬಿತ್ತಲು ಮನಸ್ಸು ಮಾಡಿದ್ದು ನೆರೆಹೊರೆಯವರ ಮಾತು ಕೇಳಿ. ವಿಸ್ತರಣಾ ಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುವ ಈ ಪಾಠ ಶಾಲೆಗೂ ಅನ್ವಯಿಸುತ್ತದೆ. ಚೀಟಿ ವಿಷಯ ತಿಳಿಸುತ್ತದೆ. ಹೊರಡಿಸುವುದು ಪಕ್ಕದ ಮನೆಯವರ ಮಾತು.

ಆದುದರಿಂದ ಜನ ತಾವಾಗಿಯೇ ಸೇರುವ ಕಡೆ ಸುದ್ದಿ ಇರಬೇಕು. ಹಾಲಿನ ಡೇರಿಗಿಂತ ಉತ್ತಮ ಸ್ಥಳ ಹಳ್ಳಿಯಲ್ಲಿಲ್ಲ. ಬೆಳಿಗ್ಗೆ ಸಂಜೆ ಎರಡು ಹೊತ್ತು ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ಎದುರಿನ ಗೋಡೆಯಲ್ಲಿ ಒಂದು ಕಪ್ಪು ಹಲಗೆ ಇದ್ದು, ಐದನೇ ತರಗತಿಯ ಮಗುವೊಂದು ದಿನವೂ ಅದರ ಮೇಲೆ ಅಂದಿನ ಹಾಜರಿಯನ್ನು, ಮುಂದಿನ ಸಭೆಯ ದಿನವನ್ನು ಬರೆದರೆ ಸಾಕು. ಓದು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಾರೆ. ಹಾಜರಿಯ ಸಂಖ್ಯೆ ಮಾತ್ರ ಬರೆಯಬೇಕು. ಬಾರದ ಮಕ್ಕಳ ಹೆಸರು ಬರೆದು ಬಡವರ ಮನೆಯನ್ನು ಬೀದಿಗೆ ಎಳೆಯಬಾರದು. ತಮಟೆ ಬಡಿದು ಸಾರುವ ಪದ್ಧತಿ ಉಳಿದಿರುವ ಕಡೆ ಅದೂ ಆಗಬಹುದು, ಸಾರುವವರಿಗೆ ಕೂಲಿ ಕೊಟ್ಟು.

ಫೋನಿನ ಗುಂಪು ಸಂದೇಶಗಳು ಈಗ ಎಲ್ಲೆಲ್ಲೂ ಬಂದಿವೆ. ಅವುಗಳಿಂದ ಪ್ರಯೋಜನವಿದೆ, ಆದರೆ ಫೋನು ಸಾಮಾನ್ಯವಾಗಿ ಯಜಮಾನನ ಜೇಬಿನಲ್ಲೋ ಹಿರಿಯ ಮಗನ ಕೈಯಲ್ಲೋ ಇದ್ದು, ಮಗುವಿನ ತಲೆ ಬಾಚಿ ಶಾಲೆಗೆ ಕಳುಹಿಸುವ ಅವ್ವನಿಗೋ ಅಜ್ಜಿಗೋ ಸಂದೇಶ ತಲಪುವುದಿಲ್ಲ. ಕಾಡಂಚಿನ ಪೋಡುಗಳಲ್ಲಿ ಸಿಗ್ನಲ್ಲಿನ ತೊಂದರೆ ಬೇರೆ. ಬರೆದ ಸಂದೇಶಕ್ಕಿಂತ ಮೇಷ್ಟರು ತಮ್ಮ ದನಿಯಲ್ಲೇ ಅರ್ಧ ನಿಮಿಷ ಮಾತನಾಡಿ ಕಳುಹಿಸುವುದು ಮೇಲು.

ಭಾಷೆಯ ವಿಷಯವಾಗಿ ಒಂದು ಮಾತು. "ಪೋಷಕರು ಕಡ್ಡಾಯವಾಗಿ ಹಾಜರಾಗತಕ್ಕದ್ದು" ಎಂಬ ಒಕ್ಕಣೆ ನೋಡಿದರೆ ಸಾಲ ವಸೂಲಿಯ ನೋಟೀಸು ಬಂದಂತಾಗುತ್ತದೆ. "ಬುಧವಾರ ಸಂಜೆ ಏಳಕ್ಕೆ ನಿಮ್ಮ ಮಗಳು ಓದುವುದನ್ನು ಕೇಳಲು ಬನ್ನಿ" ಎಂದು ಬರೆದರೆ ಕೆಲಸ ಮುಗಿಯಿತು. ಸುತ್ತೋಲೆ ಬರೆದು ಬರೆದು ನಮ್ಮಂಥವರ ಕೈಯೂ ಕೆಟ್ಟಿದೆ!

ತಡವಾದರೆ ಆಗುವ ಹಾನಿ

ಕೆಲವು ಸುದ್ದಿಗಳಿಗೆ ಬಿತ್ತನೆಯಂತೆ ಹದವಿರುತ್ತದೆ. ನವೋದಯ ಶಾಲೆಗೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಆರನೇ ತರಗತಿಗೆ ಸೇರಲು ಮಗು ಐದನೆಯದರಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಿ ಪ್ರವೇಶ ಪರೀಕ್ಷೆ ಬರೆಯಬೇಕು. ದಿನ ಮೀರಿದರೆ ಆ ಮಗುವಿಗೆ ಆರನೇ ತರಗತಿಯ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಜಾತಿ, ಆದಾಯದ ಪ್ರಮಾಣಪತ್ರಗಳನ್ನು ಅರ್ಜಿ ಕರೆದ ಮೇಲೆ ನಾಡಕಚೇರಿಗೆ ಓಡಾಡಿ ತರುವುದಕ್ಕಿಂತ ಬೇಸಿಗೆ ರಜೆಯಲ್ಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡುತ್ತಾರೆ. ಹೊಟ್ಟೆಯಲ್ಲಿ ಹುಳು ಹೆಚ್ಚಿರುವ ಮಗುವಿಗೆ ಅಂದು ವಾಕರಿಕೆ, ಸ್ವಲ್ಪ ಹೊಟ್ಟೆನೋವು ಬರಬಹುದು. ಇದನ್ನು ಹಿಂದಿನ ದಿನವೇ ಮನೆಗೆ ತಿಳಿಸಿದ್ದರೆ ಯಾರೂ ಹೆದರುವುದಿಲ್ಲ. ತಿಳಿಸದಿದ್ದರೆ ಸಂಜೆಯೊಳಗೆ ಶಾಲೆಯಲ್ಲಿ ಕೆಟ್ಟ ಊಟ ಹಾಕಿದರೆಂಬ ಗಾಳಿಸುದ್ದಿ ಏಳುತ್ತದೆ.

ಮನೆಯಿಂದ ಶಾಲೆಗೂ ಸುದ್ದಿ ಹೋಗಬೇಕು. ಶಾಲೆಯ ದಾರಿಯಲ್ಲಿರುವ ತೋಟಕ್ಕೆ ಕೀಟನಾಶಕ ಸಿಂಪಡಿಸುವವರು ಹಿಂದಿನ ದಿನವೇ ಮೇಷ್ಟರಿಗೆ ಹೇಳಬೇಕು. ಸಿಂಪಡಣೆ ಮಕ್ಕಳು ನಡೆದಾಡುವ ಹೊತ್ತಿನಲ್ಲಿ ಆಗಕೂಡದು. ಔಷಧಿಯ ಖಾಲಿ ಬಾಟಲಿಯಲ್ಲಿ ನೀರು ತುಂಬಿ ಮಗುವಿನ ಕೈಗೆ ಕೊಡುವುದಂತೂ ಎಂದಿಗೂ ಸಲ್ಲದು. ಕಾಡಂಚಿನ ಊರುಗಳಲ್ಲಿ ರಾತ್ರಿ ಆನೆ ಇಳಿದಿದ್ದರೆ ಆ ಸುದ್ದಿ ಬೆಳಗಿನ ಗಂಟೆ ಬಾರಿಸುವ ಮೊದಲು ಶಾಲೆಯಲ್ಲಿರಬೇಕು. ಆನೆ ಮರಳಿತೋ ಇಲ್ಲವೋ ತಿಳಿಯುವವರೆಗೆ ಸಂಜೆ ಮಕ್ಕಳನ್ನು ಬಿಡದೆ ದೊಡ್ಡವರ ಜೊತೆ ಗುಂಪಾಗಿ ಕಳುಹಿಸಲು ಇದರಿಂದ ಸಾಧ್ಯವಾಗುತ್ತದೆ.

ಇನ್ನು ಗುಳೆ ಹೋಗುವ ಕುಟುಂಬಗಳ ಮಾತು. ಮಳೆ ಕೈಕೊಟ್ಟ ವರ್ಷ ಕೊಡಗಿನ ಕಾಫಿ ತೋಟಗಳಿಗೆ, ಕಬ್ಬಿನ ಕಟಾವಿಗೆ, ಕಲ್ಲುಕ್ವಾರಿಗಳಿಗೆ ಮಕ್ಕಳನ್ನೂ ಕಟ್ಟಿಕೊಂಡು ಹೊರಡುವವರು ಈ ಸೀಮೆಯಲ್ಲಿದ್ದಾರೆ. ಮೇಷ್ಟರು ಬೈದಾರೆಂದು ಹೇಳದೆ ಹೋಗುವುದರಿಂದ ಮಗುವಿನ ಹೆಸರು ಪುಸ್ತಕದಲ್ಲಿ ಗೈರುಹಾಜರಿಯಾಗಿಯೇ ಉಳಿಯುತ್ತದೆ. ಹೊರಡುವ ಒಂದು ವಾರ ಮೊದಲು ಹೇಳಿದರೆ, ಮಗುವನ್ನು ಊರಿನಲ್ಲೇ ಅಜ್ಜಿಯ ಬಳಿಯೋ ಹಾಸ್ಟೆಲಿನಲ್ಲೋ ಉಳಿಸುವ ದಾರಿಯನ್ನು ಎಲ್ಲರೂ ಸೇರಿ ಯೋಚಿಸಬಹುದು. ಕರೆದುಕೊಂಡು ಹೋಗಲೇಬೇಕಾದರೆ ವರ್ಗಾವಣೆ ಪತ್ರ ಕೇಳಬೇಕು. ಕಾಯಿದೆಯ 5ನೇ ಪ್ರಕರಣದಂತೆ ಮುಖ್ಯೋಪಾಧ್ಯಾಯರು ಅದನ್ನು ಕೂಡಲೇ ಕೊಡಬೇಕು. ಪತ್ರ ತಡವಾಯಿತೆಂಬ ಕಾರಣಕ್ಕೆ ಇನ್ನೊಂದು ಊರಿನ ಶಾಲೆಯವರು ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಎನ್ನುವಂತಿಲ್ಲ. ಹೋಗುವ ಊರಿನ ಹೆಸರನ್ನೂ ಮೇಸ್ತ್ರಿಯ ಫೋನ್ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದು ಶಾಲೆಗೆ ಕೊಟ್ಟು ಹೋದರೆ, ಪರೀಕ್ಷೆಯ ದಿನವನ್ನೂ ಅರ್ಜಿಯ ಕೊನೆಯ ದಿನವನ್ನೂ ಅಲ್ಲಿಗೇ ತಿಳಿಸಬಹುದು.