ಒಂದೇ ಕೋಣೆ, ಮೂರು ತರಗತಿ, ಒಬ್ಬರೇ ಮಿಸ್

ಕೊಳ್ಳೇಗಾಲ ಬಳಿಯ ಮಧುವನಹಳ್ಳಿಯ ಸುತ್ತಮುತ್ತ, ಹನೂರು, ಯಳಂದೂರು ಕಡೆಯ ಸಣ್ಣ ಊರುಗಳ ಸರ್ಕಾರಿ ಶಾಲೆಗಳಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಮಿಸ್ ಒಬ್ಬರೇ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಮೊದಲು ಕಾಡುವ ಪ್ರಶ್ನೆ ಇದು: ಒಂದನೇ ತರಗತಿಯ ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುತ್ತಿರುವಾಗ ಮಿಕ್ಕವರು ಏನು ಮಾಡಬೇಕು? ಗಲಾಟೆ ಮಾಡುತ್ತಾರೆ ಎನ್ನುವುದು ಅನುಭವದ ಉತ್ತರ. ನಲಿ-ಕಲಿ ಎಂಬ ಕಲಿಕಾ ಪದ್ಧತಿ ಹುಟ್ಟಿದ್ದು ಆ ಉತ್ತರ ಸಾಲದು ಎನಿಸಿದ್ದರಿಂದ.

1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳು ನಡೆಯುವ ರೀತಿಯನ್ನು ನೋಡಿ ಬಂದರು. ಯುನಿಸೆಫ್ ನೆರವಿನಿಂದ ತಮ್ಮ ಶಾಲೆಗಳಲ್ಲೂ ಅದನ್ನು ತಮಗೆ ಒಗ್ಗುವಂತೆ ತಿದ್ದಿ ಶುರು ಮಾಡಿದರು. ಆಗ ಕೊಳ್ಳೇಗಾಲವೂ ಹೆಗ್ಗಡದೇವನಕೋಟೆಯೂ ಒಂದೇ ಮೈಸೂರು ಜಿಲ್ಲೆಯಲ್ಲಿದ್ದವು. ಕೊಳ್ಳೇಗಾಲ ಸೇರಿದ ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. 2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು, ಆಮೇಲೆ ಮೂರಕ್ಕೂ ಹಬ್ಬಿತು.

ಇದರ ಸಲಕರಣೆಗಳ ಪಟ್ಟಿ ದೊಡ್ಡದು. ಆದರೆ ಎಲ್ಲವನ್ನೂ ಒಂದೇ ಪ್ರಶ್ನೆಯಿಂದ ಅಳೆಯಬಹುದು: ಮಿಸ್ ಇನ್ನೊಂದು ಮಗುವಿನ ಬಳಿ ಕೂತಿರುವಾಗ, ಈ ಮಗುವಿಗೆ ತನ್ನ ಮುಂದಿನ ಕೆಲಸ ಯಾವುದೆಂದು ತಾನಾಗಿ ತಿಳಿಯುತ್ತದೆಯೇ? ತಿಳಿಯುವುದಾದರೆ ಅದು ಸಲಕರಣೆ. ಇಲ್ಲದಿದ್ದರೆ ಗೋಡೆಯ ಅಲಂಕಾರ.

ಕಲಿಕಾ ಏಣಿಯನ್ನೇ ನೋಡಿ. ಕಲಿಯಬೇಕಾದದ್ದನ್ನೆಲ್ಲ ಮೈಲಿಗಲ್ಲುಗಳಾಗಿ, ಒಂದೊಂದು ಮೈಲಿಗಲ್ಲನ್ನೂ ಸಣ್ಣ ಮೆಟ್ಟಿಲುಗಳಾಗಿ ಒಡೆದು ಬರೆದ ಚಾರ್ಟ್ ಅದು. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಒಂದು ಸಂಖ್ಯೆ. ಅದೇ ಗುರುತು, ಅದೇ ಸಂಖ್ಯೆ ಕಲಿಕಾ ಕಾರ್ಡಿನ ಮೇಲೂ ಇರುತ್ತದೆ. ಮಗು ಏಣಿಯಲ್ಲಿ ತಾನಿರುವ ಮೆಟ್ಟಿಲನ್ನು ಹುಡುಕುತ್ತದೆ, ಅದಕ್ಕೆ ಹೊಂದುವ ಕಾರ್ಡನ್ನು ತೆಗೆದುಕೊಳ್ಳುತ್ತದೆ, ಆ ಗುರುತಿನ ಗುಂಪಿಗೆ ಹೋಗಿ ಕೂರುತ್ತದೆ. ಓದಲು ಬಾರದ ಮಗುವೂ ಚಿತ್ರ ನೋಡಿ ಇಷ್ಟನ್ನು ಮಾಡಬಲ್ಲದು.

ಗುಂಪುಗಳು ಐದು. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು, ಶಿಕ್ಷಕರ ಸ್ವಲ್ಪ ಸಹಾಯ ಸಾಕಾದವರು, ಗೆಳೆಯರ ಪೂರ್ಣ ಸಹಾಯ ಬೇಕಾದವರು, ಗೆಳೆಯರ ಸ್ವಲ್ಪ ಸಹಾಯ ಸಾಕಾದವರು, ಕೊನೆಗೆ ತಾವೇ ಕಲಿಯುವವರು. ಹೊಸ ಅಕ್ಷರ ಪರಿಚಯವಾಗುವುದು ಮೊದಲ ಗುಂಪಿನಲ್ಲಿ. ಅಭ್ಯಾಸ ಮುಂದುವರಿದಂತೆ ಮಗು ಮಿಸ್‌ನಿಂದ ದೂರದ ಗುಂಪಿಗೆ ಸರಿಯುತ್ತದೆ. ಎರಡನೇ ತರಗತಿಯ ಹುಡುಗಿ ಒಂದನೆಯವರ ಜೊತೆ ಕೂತರೂ ಅವಮಾನವಿಲ್ಲ, ಏಕೆಂದರೆ ಇಲ್ಲಿ ಕೂರಿಸುವುದು ತರಗತಿಯಲ್ಲ, ಕಾರ್ಡು.

ನಮ್ಮ ಸೀಮೆಗೆ ಈ ಏಣಿ ಒಗ್ಗಲು ಇನ್ನೊಂದು ಕಾರಣವೂ ಇದೆ. ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಮಾದಪ್ಪನ ಬೆಟ್ಟಕ್ಕೆ ಜನ ಹರಿಯುತ್ತದೆ, ಮಕ್ಕಳ ಶಾಲೆಯೂ ತಪ್ಪುತ್ತದೆ. ಕೂಲಿಗೆ ಗಡಿಯಾಚೆ ಹೋಗುವ ಅಪ್ಪ ಅಮ್ಮನ ಜೊತೆ ಮಕ್ಕಳೂ ಹೊರಡುತ್ತವೆ. ಪುಸ್ತಕದ ಪಾಠವಾದರೆ ಮಗು ಮರಳಿ ಬರುವಷ್ಟರಲ್ಲಿ ತರಗತಿ ಎರಡು ಪಾಠ ಮುಂದೆ ಹೋಗಿರುತ್ತದೆ. ಏಣಿಯಲ್ಲಾದರೆ ಮಗು ಬಿಟ್ಟ ಮೆಟ್ಟಿಲಿಂದಲೇ ಹತ್ತುತ್ತದೆ. ಯಾವ ಮೆಟ್ಟಿಲಲ್ಲಿ ಬಿಟ್ಟಿತ್ತು ಎಂಬುದಕ್ಕೆ ಪ್ರಗತಿ ನೋಟ ಎಂಬ ಚಾರ್ಟು ಇರುವುದು. ಅದನ್ನು ಅಂದಂದೇ ಗುರುತು ಹಾಕಬೇಕು. ಸಾಹೇಬರು ಬರುತ್ತಾರೆಂದು ಹಿಂದಿನ ರಾತ್ರಿ ಕೂತು ತುಂಬಿದರೆ ಸಾಹೇಬರಿಗೆ ಖುಷಿಯಾದೀತು, ಮಗುವಿಗೆ ಏನೂ ಸಿಗದು.

ಅಕ್ಷರದ ವಿಚಾರಕ್ಕೆ ಬಂದರೆ ಪೋಷಕರದ್ದೇ ತಕರಾರು. “ನಮ್ಮ ಕಾಲದಲ್ಲಿ ಅ ಆ ಇ ಈ ಅಂತ ಶುರು. ಇದೇನ್ ಮಿಸ್, ರ ಗ ಸ ಅಂತೀರಿ?” ನಲಿ-ಕಲಿಯಲ್ಲಿ ಮೊದಲ ಐದು ಅಕ್ಷರ ರ, ಗ, ಸ, ದ, ಅ. ಬರೆಯಲು ಸುಲಭ ಎಂಬುದು ಒಂದು ಕಾರಣ. ದೊಡ್ಡ ಕಾರಣ ಬೇರೆ: ಈ ಐದರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಆಗುತ್ತವೆ. ಕಾಗುಣಿತ ಬರುವ ಮೊದಲೇ ಮಗು ಪದ ಓದಿ, ಅರ್ಥ ಹಿಡಿಯುತ್ತದೆ. ಬರೀ ಸ್ವರಗಳನ್ನು ಕಲಿತು ಕೂತ ಮಗುವಿಗೆ ಓದಲು ಏನು ಸಿಕ್ಕೀತು? ವರ್ಣಮಾಲೆಯನ್ನು ಸಾಲಾಗಿ ಹೇಳುವುದು ಆಮೇಲೆ ಬಂದರೂ ನಷ್ಟವಿಲ್ಲ. ಪೋಷಕರ ಸಭೆಯಲ್ಲಿ ಐದು ಅಕ್ಷರದ ಚೀಟಿ ಕೊಟ್ಟು ಅವರಿಂದಲೇ ಪದ ಮಾಡಿಸಿದರೆ ಭಾಷಣ ಬೇಕಾಗುವುದಿಲ್ಲ.

ಇಡೀ ಕೋಣೆಯಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ನಾನು ಕೇಳುವುದು ಗೋಡೆಯ ತಳಕ್ಕೆ ಬಳಿದ ಕಪ್ಪುಹಲಗೆಯನ್ನು. ನೆಲದ ಮೇಲೆ ಕೂತ ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ ಕೋಣೆಯ ಸುತ್ತ ಕಪ್ಪು ಬಣ್ಣದ ಪಟ್ಟಿ; ಗೆರೆ ಎಳೆದು ಮಗುವಿಗೊಂದು ಭಾಗ, ಭಾಗದ ಮೇಲೆ ಹೆಸರು. ಸ್ಲೇಟಾದರೆ ಮಿಸ್ ಒಂದೊಂದನ್ನೇ ಕೈಗೆ ತೆಗೆದುಕೊಂಡು ನೋಡಬೇಕು. ಗೋಡೆಯಾದರೆ ಕೋಣೆಯ ನಡುವೆ ನಿಂತು ಒಂದು ಸುತ್ತು ತಿರುಗಿದರೆ ಸಾಕು, ಯಾರು ‘ಗ’ವನ್ನು ತಿರುಗಿಸಿ ಬರೆದಿದ್ದಾರೆ, ಯಾರು ಏನನ್ನೂ ಬರೆದಿಲ್ಲ ಎಂದು ಕಾಣುತ್ತದೆ. ಪಕ್ಕದವನದನ್ನು ನೋಡಿ ಬರೆಯುತ್ತಾರಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಬರೆಯಲಿ, ಆರು ವರ್ಷಕ್ಕೆ ಅದು ನಕಲಲ್ಲ, ಕಲಿಕೆ. ತಪ್ಪಿದರೆ ಅಂಗೈಯಿಂದ ಒರೆಸಿದರೆ ಆಯಿತು, ನೋಟ್‌ಬುಕ್ಕಿನ ಕೆಂಪು ಗುರುತಿನ ಭಯವೂ ಇಲ್ಲ.

ಕಲಿಕಾ ಚಪ್ಪರ ಎಂದರೆ ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ದಾರಗಳು. ಮಕ್ಕಳ ಚಿತ್ರ, ಬರಹಗಳನ್ನು ಅಲ್ಲಿ ತೂಗುಹಾಕುತ್ತಾರೆ. ಚೆಂದ. ಆದರೆ ಹೋದ ವರ್ಷದ ಚಿತ್ರಗಳು ಇನ್ನೂ ತೂಗುತ್ತಿದ್ದರೆ ಇಳಿಸಿಬಿಡಿ.

ಲೆಕ್ಕಕ್ಕೆ ಅಂಗಡಿಯಿಂದ ಏನೂ ತರಬೇಕಿಲ್ಲ. ಹುಣಸೆ ಬೀಜಕ್ಕೆ ಈ ಕಡೆ ಬರವೇ? ನಾಲ್ಕು ಬೀಜಗಳ ಒಂದು ಮಗ್ಗುಲನ್ನು ಬಿಳಿ ಕಾಣುವಂತೆ ಉಜ್ಜಿ ಚೌಕಾಬಾರ ಆಡಿಸಿ: ಬಿದ್ದ ಬಿಳಿಯನ್ನು ಎಣಿಸದೆ ಕಣ್ಣಲ್ಲೇ ‘ಮೂರು’ ಎನ್ನುವುದು ಮೊದಲ ಪಾಠ, ಅಷ್ಟು ಮನೆ ಕಾಯಿ ನಡೆಸುವುದು ಎರಡನೆಯದು. ಅಳಗುಳಿ ಮಣೆಯ 14 ಗುಳಿಗಳಿಗೆ ಒಂದೊಂದೇ ಕಾಳು ಬಿಡುತ್ತಾ ಹೋಗುವುದು ಇನ್ನೂ ಒಳ್ಳೆಯದು. ಬಾಯಲ್ಲಿ ನೂರರವರೆಗೆ ಹೇಳುವ ಮಗು, ಒಂದು ಸಂಖ್ಯೆಗೆ ಒಂದೇ ವಸ್ತು ಎಂಬುದನ್ನು ಕೈಯಲ್ಲಿ ಕಲಿತಿರದೆ ಇರಬಹುದು. ಕಾಳು ಬಿಡುವಾಗ ಅದು ಸರಿಯಾಗುತ್ತದೆ. ಹತ್ತರ ಪರಿಕಲ್ಪನೆಗೆ ತೆಂಗಿನ ಕಡ್ಡಿಗಳನ್ನು ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು. ಕಟ್ಟನ್ನು ಮಗುವೇ ಕಟ್ಟಬೇಕು, ಮಗುವೇ ಬಿಚ್ಚಬೇಕು. ಬಿಚ್ಚಿದ ಅನುಭವವಿದ್ದರೆ ಮುಂದೆ ಕಳೆಯುವ ಲೆಕ್ಕದಲ್ಲಿ ಹತ್ತನ್ನು ಸಾಲ ಪಡೆಯುವುದು ಒಗಟಾಗುವುದಿಲ್ಲ.

ಬೆಳಗಿನ ಕ್ರಮ ಚಿಕ್ಕದಿರಲಿ, ಆದರೆ ದಿನವೂ ಅದೇ ಇರಲಿ. ಪ್ರಾರ್ಥನೆ, ಹಾಲು, ಒಳಗೆ ಬಂದೊಡನೆ ಹಾಜರಿ ಚಾರ್ಟಿನಲ್ಲಿ ತಮ್ಮ ಹೆಸರಿನ ಮುಂದೆ ತಾವೇ ಗುರುತು ಹಾಕುವುದು, ಆಮೇಲೆ ಹವಾಮಾನದ ಚಾರ್ಟು. ಬಿಸಿಲೋ ಮೋಡವೋ ಎಂದು ಹೊರಗೆ ನೋಡಿ ಬಂದು ಹೇಳುವ ಸರದಿಯನ್ನು ಮಾತು ಕಡಿಮೆ ಆಡುವ ಮಗುವಿಗೆ ಕೊಡಿ. ಹನೂರು ಕಡೆ ಮನೆಯಲ್ಲಿ ತಮಿಳು ಆಡುವ ಮಕ್ಕಳಿದ್ದಾರೆ, ಬೆಟ್ಟದ ಪೋಡುಗಳಲ್ಲಿ ಸೋಲಿಗ ನುಡಿಯವರು. ಅವರು ಮೊದಲು ತಮ್ಮ ಮಾತಿನಲ್ಲೇ ಹೇಳಲಿ, ಆಮೇಲೆ ಎಲ್ಲರೂ ಕನ್ನಡದಲ್ಲಿ ಹೇಳುವುದು. ಗದ್ದಲ ನಿಲ್ಲಿಸಲು ಕೋಲು, ಕೂಗು ಬೇಡ: ಕಂಸಾಳೆಯ ಗತಿಯಲ್ಲಿ ಮಿಸ್ ಚಪ್ಪಾಳೆ ತಟ್ಟಿದರೆ ಮಕ್ಕಳು ಅದನ್ನೇ ತಿರುಗಿ ತಟ್ಟುತ್ತಾರೆ. ಕೈ ಚಪ್ಪಾಳೆಯಲ್ಲಿದ್ದರೆ ಪಕ್ಕದವರನ್ನು ಚಿವುಟಲು ಆಗದು.

ಇಷ್ಟೆಲ್ಲ ಕೆಡುವುದು ಸಾಮಾನ್ಯವಾಗಿ ಒಂದು ಕಾರ್ಡು ಕಳೆದುಹೋಗುವುದರಿಂದ. ಆ ಮೆಟ್ಟಿಲಿಗೆ ಬಂದ ಪ್ರತಿ ಮಗುವೂ ಅಲ್ಲೇ ನಿಲ್ಲುತ್ತದೆ, ಮಿಸ್ ಹತ್ತಿರ ಓಡಿ ಬರುತ್ತದೆ, ಹಳೆಯ ಗಲಾಟೆ ಮತ್ತೆ ಶುರು. ಶನಿವಾರದ ಅರ್ಧ ದಿನದಲ್ಲಿ ಮೂರನೇ ತರಗತಿಯವರಿಗೆ ಕಾರ್ಡುಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಲು ಹೇಳಿ. ಕಾಣೆಯಾದದ್ದನ್ನು ಹಳೆಯ ಲಗ್ನಪತ್ರಿಕೆಯ ಖಾಲಿ ಬೆನ್ನಿಗೆ ಸ್ಕೆಚ್ ಪೆನ್ನಿನಲ್ಲಿ ಬರೆದು, ಮೂಲೆಯಲ್ಲಿ ಗುರುತು, ಸಂಖ್ಯೆ ಹಾಕಿ, ಸೋಮವಾರ ಬೆಳಗಿನೊಳಗೆ ಅದರ ಜಾಗಕ್ಕೆ ಇಟ್ಟುಬಿಡಿ.